ಹಗ್ಗದ ಇನ್ನೊಂದು ತುದಿ

ನನ್ನ ಸೋದರಮಾವನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಜೀಪಿನ ಬಾನೆಟ್ ಬಿದ್ದು ಕಿತ್ತುಹೋಗಿದ್ದು ಮತ್ತೆ ಬೆಳೆಯಲೇ ಇಲ್ಲ. ಏನೇ ಕೊಳ್ಳುವಾಗಲೂ ಆ ಬೋಳು ಬೆರಳಿನಿಂದಲೇ ಒತ್ತಿ ನೋಡುತ್ತಿದ್ದ: ಕುಂಬಳಕಾಯಿ, ಎತ್ತಿನ ಹೆಗಲ ಮೇಲಿನ ಹಿಣಿಲು, ಜವಳಿ ಅಂಗಡಿಯ ಪಂಚೆ. "ಉಗುರಿದ್ದೋರಿಗೆ ಪದಾರ್ಥ ಗೊತ್ತಾಗಲ್ಲ ಕಣ್ಲಾ" ಎನ್ನುತ್ತಿದ್ದ.

ಎಪ್ಪತ್ತರ ದಶಕದ ಕೊನೆ. ಹೊಸೂರು ಸೀಮೆಯ ಉದ್ದನಪಲ್ಲಿಯಲ್ಲಿ ಅವನ ಮನೆಯಲ್ಲಿದ್ದುಕೊಂಡೇ ನಾನು ಮೂಕಂಡಪಲ್ಲಿಯ ಕಾರ್ಖಾನೆಗೆ ಹೋಗುತ್ತಿದ್ದೆ. ಮಾವ ಹಳೆಯ ಜೀಪೊಂದನ್ನು ತಳಿ ಎಂಬ ಊರಿನ ಕಡೆ ಬಾಡಿಗೆಗೆ ಓಡಿಸುತ್ತಿದ್ದ. ತಳಿ ಅತ್ತೆಯ ತವರು. ಜ್ವರವೊಂದು ಸೊಂಟದ ಕೆಳಗಿನ ಬಲವನ್ನೆಲ್ಲ ಕಿತ್ತುಕೊಂಡ ಮೇಲೆ ಆಕೆ ಅತ್ತ ಹೋಗಿರಲಿಲ್ಲ. ಜೀಪಿನಲ್ಲಿ ಕೂರಲಾಗದು, ಹೇಗೋ ಹೋದರೂ ತಮ್ಮನ ಹೆಂಡತಿಯ ಕೈಲಿ ಹಾಸಿಗೆಯ ಹೇಸಿಗೆ ತೆಗೆಸಲು ಮನಸ್ಸಿಲ್ಲ. "ನನ್ನ ಮಂಚಾನೂ ಜೊತೇಲಿ ಬರಂಗಿದ್ರೆ ಬತ್ತೀನಿ" ಎಂದಳು ಒಮ್ಮೆ, ತಮಾಷೆಗೆ. ಮಾವ ನಗಲಿಲ್ಲ. ಜೀಪಿನ ಹಿಂದೆ ಎಳೆದೊಯ್ಯಬಹುದಾದ, ಒಳಗೆ ಮಲಗುವಂಥ, ಹಗುರವಾದ ಪುಟ್ಟ ಟ್ರೇಲರ್ ಹುಡುಕಲು ಹೊರಟ.

ಜೊತೆಗೆ ನನ್ನನ್ನು ಕರೆದೊಯ್ಯುತ್ತಿದ್ದ. ಯಂತ್ರ ಬಲ್ಲವನೆಂದಲ್ಲ. ನಾನು ಹತ್ತುವ ಮುಂಚೆ ಬಸ್ಸಿನ ಟೈರು ನೋಡುವವನು; ಈಗಲೂ ನೋಡುತ್ತೇನೆ, ಬಗ್ಗುವುದಷ್ಟೇ ಕಷ್ಟ. ಮನೆಮಂದಿಯೆಲ್ಲ ನಗುತ್ತಿದ್ದರು. ಮಾವ ಮಾತ್ರ, "ನಂಗೆ ಧೈರ್ಯ ಜಾಸ್ತಿ, ಅದೇ ಕಾಯಿಲೆ. ನೀನು ಭಯ ಪಡು ಕಣ್ಲಾ, ನಾನು ಕೇಳಿಸ್ಕಂತೀನಿ" ಎಂದ.

ಬೆಂಗಳೂರಿನಲ್ಲಿ ಕಂಡ ಮಿಲಿಟರಿ ಟ್ರೇಲರಿನ ಮೂಕಿ, ಅಂದರೆ ಜೀಪಿಗೆ ಸಿಕ್ಕಿಸುವ ಮುಂಗೋಲು, ಎತ್ತಲು ನಾವಿಬ್ಬರೂ ಬೇಕಾಯಿತು. "ಇದನ್ನೆಳೆದ್ರೆ ಜೀಪು ಸತ್ತೋಗ್ಬುಡ್ತದೆ" ಎಂದ ಮಾವ. ರಸ್ತೆ ಕೆಲಸದವರ ತಗಡಿನ ಗಾಡಿ ಒಳಗೆ ಒಲೆಯಂತೆ ಕಾದಿತ್ತು. ಕಡೆಗೆ ಕೃಷ್ಣಗಿರಿಯಲ್ಲಿ, ಹಳ್ಳಿಗಳಿಗೆ ಹೋಗಿ ಕಣ್ಣು ನೋಡುತ್ತಿದ್ದ ಮುದಿ ಡಾಕ್ಟರೊಬ್ಬರು ತಮ್ಮ ಟ್ರೇಲರನ್ನು ಮಾರುತ್ತಾರೆಂದು ತಿಳಿಯಿತು. ಎರಡು ಗಾಲಿ, ಪ್ಲೈವುಡ್ ಗೋಡೆ, ಒಂದು ಕಿಟಕಿ. ಮಾವ ಎತ್ತು ಕೊಳ್ಳುವವನ ಹಾಗೆ ಸುತ್ತು ಹಾಕಿದ, ಬೆರಳಿನಿಂದ ಒತ್ತಿದ, ಮೂಕಿಯನ್ನು ಒಂದೇ ಕೈಯಲ್ಲಿ ಎತ್ತಿದ. ಒಳಗೆ ಹೋಗಿ ಅತ್ತೆಯಂತೆ ಕಾಲು ಸಡಿಲ ಬಿಟ್ಟು ಮಲಗಿದ.

"ಈಗ ಭಯ ಪಡು."

"ಕೊಂಡಿ ಕಳಚಿದ್ರೆ?"

"ಸರಪಳಿ ಹಾಕ್ತೀನಿ."

"ಮಳೆ ಸೋರಿದ್ರೆ?"

"ಟಾರ್ಪಾಲು."

"ದಾರೀಲಿ ಅತ್ತೆ ಕೂಗಿದ್ರೆ, ಜೀಪಲ್ಲಿರೋ ನಿಂಗೆ ಕೇಳಿಸ್ತದಾ?"

ಮಾವ ಎದ್ದು ಕೂತ. ಡಾಕ್ಟರ ಅಪ್ಪಣೆ ಪಡೆದು ಗಾಡಿಯನ್ನು ಜೀಪಿಗೆ ಕಟ್ಟಿದ, ನನ್ನನ್ನು ಒಳಗೆ ಹಾಕಿ ಬಾಗಿಲು ಮುಚ್ಚಿದ. "ಕೂಗ್ತಾ ಇರು." ಮೊದಲು ಪರೀಕ್ಷೆಗೆಂದು ಕೂಗಿದೆ, ಆಮೇಲೆ ನಿಜವಾಗಿಯೇ ಕೂಗಿದೆ. ಊರಾಚೆ ಬಾಗಿಲು ತೆಗೆದಾಗ ನನ್ನ ಗಂಟಲು ಕಟ್ಟಿತ್ತು. "ಯಾಕ್ಲಾ, ಕೂಗ್ಲೇ ಇಲ್ವಲ್ಲ?" ಎಂದ.

ಗಾಡಿಯನ್ನೇನೋ ಕೊಂಡ. ಆದರೆ ಅತ್ತೆಯನ್ನು ಮಲಗಿಸಿಕೊಂಡು ತಳಿಗೆ ಹೊರಟ ದಿನ ಎತ್ತಿನ ಹಗ್ಗವೊಂದರ ತುದಿಯನ್ನು ಆಕೆಯ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತನ್ನ ಎಡತೋಳಿಗೆ ಕಟ್ಟಿಕೊಂಡ. ಏರಿನಲ್ಲಿ ಹಗ್ಗ ಎಳೆಯಿತು. ಜೀಪು ನಿಲ್ಲಿಸಿ ಮಾವನೂ ನಾನೂ ಹಿಂದಕ್ಕೆ ಓಡಿದೆವು. ಅತ್ತೆ ಕಿಟಕಿಯಿಂದ ಸೇವಂತಿಗೆ ಹೊಲ ನೋಡುತ್ತಿದ್ದಳು.

"ಏನಿಲ್ಲ. ಇದ್ದೀರಾ ಅಂತ ನೋಡ್ದೆ."

ತವರಿನ ಅಂಗಳದಲ್ಲಿ, ತನ್ನದೇ ಹಾಸಿಗೆಯಲ್ಲಿ, ಯಾರ ಹಂಗಿಲ್ಲದೆ ಒಂದು ವಾರ ಇದ್ದಳು. ಮುಂದೆ ಅದು ವರ್ಷ ವರ್ಷದ ಪದ್ಧತಿಯಾಯಿತು. ಮನೆಯಲ್ಲೂ ಮಾವ ಜಗಲಿಯ ಮೇಲೆ ಮಲಗುವಾಗ, ಒಳಗಿನ ಅತ್ತೆಯ ಕೈಯಿಂದ ಬಂದ ಆ ಹಗ್ಗ ತೋಳಿನಲ್ಲಿರುತ್ತಿತ್ತು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಾವ ಹೊಸೂರಿನ ಆಸ್ಪತ್ರೆ ಸೇರಿದ್ದ. ಇನ್ನು ಆಸೆಯಿಲ್ಲವೆಂದು ಡಾಕ್ಟರು ನನಗೆ ಹೇಳಿಯಾಗಿತ್ತು.

"ಏನೇನು ಕೆಡಬೌದು, ಹೇಳ್ಲಾ" ಎಂದ ಮಾವ.

"ಏನೂ ಇಲ್ಲ ಮಾವ. ಎಲ್ಲ ಸರಿಹೋಗ್ತದೆ."

ನನ್ನನ್ನೇ ದಿಟ್ಟಿಸಿ ನೋಡಿ ನಕ್ಕ. "ನೀನೇ ಭಯ ಬುಟ್ಟಿದ್ದೀಯ ಅಂದ್ರೆ, ಆಯ್ತು ಬುಡು." ಆಮೇಲೆ ಬೋಳು ಹೆಬ್ಬೆರಳಿನಿಂದ ನನ್ನ ತೋಳನ್ನು ಒತ್ತಿ ನೋಡಿದ.

ಅವನನ್ನು ಮಣ್ಣು ಮಾಡಿ ಬಂದ ದಿನ ಜಗಲಿಯಲ್ಲಿ ಮಲಗುವ ಮುಂಚೆ ಆ ಹಗ್ಗವನ್ನು ನನ್ನ ತೋಳಿಗೆ ಕಟ್ಟಿಕೊಂಡೆ. ಗಂಟು ಸಡಿಲವಿರಬಹುದೆಂದು ಬಿಚ್ಚಿ ಮತ್ತೆ ಕಟ್ಟಿದೆ. ಸ್ವಲ್ಪ ಹೊತ್ತಿಗೆ ಅದು ಮೆಲ್ಲಗೆ ಎಳೆಯಿತು.

"ಏನತ್ತೆ?"

"ಏನಿಲ್ಲ ಕಣಪ್ಪ. ಇದ್ದೀಯಾ ಅಂತ ನೋಡ್ದೆ."