ಸೀನಿಯರ್ ಎದುರು ನಿಂತ ಚುನಾವಣೆ

ಟಿಕೆಟ್ ನನಗೇ ಅಂತ ಪಕ್ಷದವರು ಫೋನ್ ಮಾಡಿದಾಗ ನಾನು ಪಿರಿಯಾಪಟ್ಟಣದ ಕೋರ್ಟಿನ ಜಗಲಿಯಲ್ಲಿ ಕಕ್ಷಿದಾರರೊಬ್ಬರಿಗೆ ಸಾಕ್ಷಿ ಹೇಳುವುದು ಹೇಗೆ ಅಂತ ವಿವರಿಸುತ್ತಿದ್ದೆ. ಸಾಲಿಗ್ರಾಮದ ರೈತರ ಮನೆಯಲ್ಲಿ ಹುಟ್ಟಿ, ಬೆಟ್ಟದಪುರದ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದವಳು ನಾನು. ಕರಿ ಕೋಟು ಹಾಕಿದ್ದೇ ಎರಡೂ ಮನೆಯವರಿಗೆ ದೊಡ್ಡ ಸಂಗತಿ. ಈಗ ಜಿಲ್ಲಾ ಪಂಚಾಯಿತಿ ಅಭ್ಯರ್ಥಿ!

ಮೊದಲು ಸುದ್ದಿ ಹೇಳಬೇಕು ಅನ್ನಿಸಿದ್ದು ನಮ್ಮ ಸೀನಿಯರಿಗೆ. ನನಗೆ ಕೆಲಸ ಕಲಿಸಿದವರು ಅವರು. ವಕೀಲರ ಸಂಘದ ಕೋಣೆಗೆ ಓಡಿದೆ. ಅವರು ಕಾಫಿ ಕುಡಿಯುತ್ತಿದ್ದರು.

"ಸಾರ್, ನಂಗೆ ಟಿಕೆಟ್ ಸಿಕ್ತು!"

ಲೋಟ ಕೆಳಗಿಟ್ಟು ನಕ್ಕರು. "ಕೂತ್ಕಳಮ್ಮ. ನಂಗೂ ಒಂದು ಸುದ್ದಿ ಬಂದದೆ. ಎದುರು ಪಕ್ಷದೋರು ನನ್ನ ನಿಲ್ಸವ್ರೆ."

"ಯಾವ ಕ್ಷೇತ್ರಕ್ಕೆ ಸಾರ್?"

"ನಿಂದೇ ಕ್ಷೇತ್ರಕ್ಕೆ ಕಣಮ್ಮ."

ನಾನು ನಿಲ್ಲುವುದಿಲ್ಲ ಅಂದುಬಿಟ್ಟೆ. ಅವರಿಗೆ ಸಿಟ್ಟು ಬಂತು. "ಎದುರು ಲಾಯರ್ ಯಾರು ಅಂತ ನೋಡ್ಕಂಡು ಕೇಸು ಬುಡ್ತಾರಾ? ಹೋಗು, ನಾಮಪತ್ರ ಹಾಕು."

ಹಾಕಿದೆ. ಮಾರನೆಯ ದಿನದಿಂದ ಬೆಳಗಾಗುವುದೇ ತಡ, ಗಂಡನ ಬೈಕಿನ ಹಿಂದೆ ಕೂತು ಹಳ್ಳಿ ಹಳ್ಳಿ ಸುತ್ತಾಟ. ಹೊಗೆಸೊಪ್ಪಿನ ಹೊಲದ ಬದುವಿನ ಮೇಲೆ, ಹಾಲಿನ ಡೇರಿ ಮುಂದೆ, ಎಲ್ಲೆಂದರಲ್ಲಿ ಭಾಷಣ. ಕೋರ್ಟಿನ ಅಭ್ಯಾಸ ಮಾತ್ರ ಬಿಡಲಿಲ್ಲ. "ನನ್ನ ನಿವೇದನೆ ಏನೆಂದರೆ" ಅಂತಲೇ ಶುರುವಾಗುತ್ತಿತ್ತು. ಒಂದು ಕಡೆ, ಪ್ರಚಾರಕ್ಕೆ ಬಂದಿದ್ದ ನಮ್ಮತ್ತೆ ನನ್ನ ಸೆರಗು ಹಿಡಿದು ಜಗ್ಗಿದರು. "ಓಟು ಕೇಳವ್ವ. ತೀರ್ಪು ಕೇಳ್ತಾ ನಿಂತ್ಕಬ್ಯಾಡ." ಜನ ನಕ್ಕರು. ನನ್ನ ನಾಲಿಗೆ ಸಡಿಲವಾಗಿದ್ದು ಅವತ್ತೇ.

ಬೆಟ್ಟದಪುರದಲ್ಲಿ ಮಾತ್ರ ನಾನು ಎಣಿಸಿರದಿದ್ದ ಸಂಗತಿ ನಡೆಯಿತು. ನಮ್ಮ ಪ್ರಚಾರದ ಆಟೋ ಒಂದು ಕಡೆಯಿಂದ ಸರ್ಕಲ್ಲಿಗೆ ಬಂತು, ಸೀನಿಯರ್ ಆಟೋ ಇನ್ನೊಂದು ಕಡೆಯಿಂದ. ಎರಡೂ ಮೈಕು ಒಟ್ಟಿಗೆ ಅರಚತೊಡಗಿದವು. ಹೂ ಮಾರುತ್ತಿದ್ದ ಹೆಂಗಸೊಬ್ಬಳು ಕಿವಿ ಮುಚ್ಚಿಕೊಂಡು ಎದ್ದು ನಿಂತಳು.

"ಎರಡೂ ನಿಲ್ಸ್ರಪ್ಪ! ಇಬ್ರೂ ಲಾಯರ್ರಂತೆ. ಇಲ್ಲೇ ವಾದ ಮಾಡ್ರಿ, ನಾವು ಕೇಳ್ತೀವಿ."

ಜನ ಹೋ ಎಂದರು. ಯಾರೋ ಹೋಟೆಲಿನಿಂದ ಬೆಂಚು ಎಳೆದು ತಂದರು. ಸೀನಿಯರ್ ಆಟೋದಿಂದ ಇಳಿದು, ಪಂಚೆ ಸರಿಮಾಡಿಕೊಂಡು, "ಆಯ್ತು ಕಣವ್ವ" ಅಂದರು. ಕೆರೆ ಹೂಳೆತ್ತಿಸುವ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡಿದರೆಂದರೆ, ನಮ್ಮ ಪಕ್ಷದ ಟವೆಲ್ ಹೊದ್ದವರೂ ತಲೆಯಾಡಿಸುತ್ತಿದ್ದರು. ಆಮೇಲೆ ನನ್ನ ಸರದಿ. ಜನರ ಕಡೆ ತಿರುಗುವ ಬದಲು ಅವರ ಕಡೆಗೇ ತಿರುಗಿದೆ.

"ಸಾರ್, ಇಲ್ಲಿಂದ ಪಿರಿಯಾಪಟ್ಟಣದ ಕಾಲೇಜಿಗೆ ಹೋಗೋ ಹೆಣ್ಮಕ್ಳು ಸಂಜೆ ಮನೆಗೆ ಹೆಂಗ್ ಬತ್ತಾರೆ, ಗೊತ್ತಾ?"

ಅವರು ಮೈಕು ಬಾಯಿಗಿಟ್ಟುಕೊಂಡು, "ಗೊತ್ತಿಲ್ಲ ಕಣಮ್ಮ. ನೀನೇ ಹೇಳು" ಅಂದರು.

ಹೇಳಿದೆ. ಕ್ಲಾಸು ಬಿಡುವ ಹೊತ್ತಿಗೆ ಬಸ್ಸಿಲ್ಲದ್ದು, ಹುಡುಗಿಯರು ಲಗೇಜ್ ಆಟೋದ ಹಿಂದೆ ನಿಂತು ಬರುವುದು, ತಾಯಂದಿರು ರಸ್ತೆ ಬದಿಯಲ್ಲಿ ಕಾಯುವುದು. ಯೂನಿಫಾರಂ ಹಾಕಿದ್ದ ಹುಡುಗಿಯರ ಗುಂಪೊಂದು ಹಿಂದಿನಿಂದ ಚಪ್ಪಾಳೆ ತಟ್ಟಿತು. ಆಮೇಲೆ ಇಡೀ ಸರ್ಕಲ್ಲೇ ತಟ್ಟಿತು. ಯಾವ ಕೇಸು ಗೆದ್ದಾಗಲೂ ನನ್ನ ಮೈ ಹಾಗೆ ಜುಮ್ಮೆಂದಿರಲಿಲ್ಲ.

ಎಣಿಕೆಯ ದಿನ ಬೆಳಗಿನಿಂದ ಎಣಿಕೆ ಕೇಂದ್ರದಲ್ಲೇ ಕೂತಿದ್ದೆ. ಒಂದು ಸುತ್ತು ಅವರು ಮುಂದೆ, ಇನ್ನೊಂದು ಸುತ್ತು ನಾನು. ಬೆಟ್ಟದಪುರದ ಓಟು ನನಗೇ ಅಂದುಕೊಂಡಿದ್ದೆ. ಬಿದ್ದದ್ದು ಅವರಿಗೆ! ಗೊತ್ತಿಲ್ಲ ಅಂತ ಬಾಯಿಬಿಟ್ಟು ಒಪ್ಪಿಕೊಂಡವರನ್ನು ಆ ಊರಿನವರು ಮೆಚ್ಚಿಕೊಂಡಿದ್ದರು. ನನ್ನ ಕೈ ಹಿಡಿದದ್ದು ಸುತ್ತಲಿನ ಸಣ್ಣ ಸಣ್ಣ ಹಳ್ಳಿಗಳು. ಕೊನೆಯ ಸುತ್ತಿನಲ್ಲಿ, ಕೂದಲೆಳೆಯಲ್ಲಿ ಗೆದ್ದೆ.

ಸೀನಿಯರ್ ಜನರನ್ನು ಸರಿಸಿಕೊಂಡು ನನ್ನ ಕಡೆಗೆ ಬಂದರು. ಕಾಲಿಗೆ ಬೀಳಲು ಬಗ್ಗಿದೆ. ತಡೆದು, ನನ್ನ ಕೈ ಹಿಡಿದು ಮೇಲೆತ್ತಿ ಕೂಗಿದರು. "ನಾನು ಕಲಿಸಿದ ಹುಡುಗಿ ಕಣ್ರಲಾ, ನನ್ನೇ ಸೋಲ್ಸವ್ಳೆ!" ನಮ್ಮ ಕಡೆಯವರ ಜೈಕಾರಕ್ಕಿಂತ ಅವರ ಧ್ವನಿಯೇ ಜೋರಾಗಿತ್ತು. ಅವರ ಕಣ್ಣು ಒದ್ದೆಯಾಗಿತ್ತು. ಸೋಲಿನ ನೋವೂ ಅದರಲ್ಲಿ ಇದ್ದಿರಬೇಕು. ನಾನು ಕೇಳಲಿಲ್ಲ.

ಹುಣಸೂರು, ಕೆ.ಆರ್. ನಗರದ ಕೋರ್ಟುಗಳಲ್ಲಿದ್ದ ನನ್ನ ಕೇಸುಗಳನ್ನು ಅವರೇ ವಹಿಸಿಕೊಂಡರು. "ನೀನು ಜನದ ಕೆಲ್ಸ ನೋಡು" ಅಂದರು. ನಾನು ಬಸ್ ಡಿಪೋಗೆ, ಅಧಿಕಾರಿಗಳ ಕೋಣೆಗೆ ಅಲೆದೆ. ಮನವಿ ಮಾಡಿದೆ, ಜಗಳ ಆಡಿದೆ. ಕಾಲೇಜು ಬಿಡುವ ಹೊತ್ತಿನ ಬಸ್ಸು ಕೊನೆಗೂ ಬಂತು. ಮೊದಲ ದಿನ ನಾನೂ ಹತ್ತಿದೆ. ಸೀಟು ಸಿಗಲಿಲ್ಲ. ನಿಂತ ಹುಡುಗಿಯರ ಬ್ಯಾಗುಗಳೆಲ್ಲ ನನ್ನ ತೋಳಿಗೆ ಬಂದವು. ಒಬ್ಬಳು ಹಾಡು ಎತ್ತಿದಳು, ಉಳಿದವರು ಸೇರಿಸಿದರು. ಬರುತ್ತದೋ ಇಲ್ಲವೋ ನೋಡದೆ ನಾನೂ ಗಂಟಲು ಬಿಚ್ಚಿ ಹಾಡಿಬಿಟ್ಟೆ.