ಬೇಸಿಗೆಯಲ್ಲಿ ಬಂದ ಹಸಿ ಮೇವಿನ ವಾಸನೆ

ಶ್ರೇಯಾ, ಓಂಕಾರ,

ಮೊನ್ನೆ ನಿಮ್ಮ ಮಗರಪಟ್ಟಾದ ಮನೆಯ ಕೆಳಗೆ ಮಾಲಿ ಯಂತ್ರ ಹಚ್ಚಿ ಹುಲ್ಲು ಕತ್ತರಿಸುತ್ತಿದ್ದಾಗ ನಾನು ಎದ್ದು ಎಲ್ಲ ಕಿಟಕಿ ಮುಚ್ಚಿದೆ. "ಅಜ್ಜಿ, ಎಷ್ಟ ಛಲೋ ವಾಸನಿ ಅದ, ಯಾಕ ಮುಚ್ಚತಿ?" ಎಂದು ನೀವು ನಕ್ಕಿರಿ. ಆ ವಾಸನೆಗೆ ನನಗೆ ಇಂದಿಗೂ ಅಂಜಿಕೆ...

ನಿಮ್ಮ ಅಜ್ಜನಿಗೆ ಆಗ ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಕೆಲಸ. ಹತ್ತಿರದ ಚಾಳಿನ ಸಾಲುಮನೆಗಳಲ್ಲಿ ನಮ್ಮದೊಂದು ಖೋಲಿ, ಒಂದೇ ಕೋಣೆ. ನಿಮ್ಮ ಅಪ್ಪ ಹತ್ತು ತಿಂಗಳ ಕೂಸು. ನಾನು ಹಳ್ಳಿಯಿಂದ ಬಂದವಳು. ಮರಾಠಿ ಬಾರದು, ಪರಗಂಡಸರ ಎದುರು ತಲೆ ಎತ್ತಿ ಗೊತ್ತಿಲ್ಲ. ಪಕ್ಕದ ಖೋಲಿಯಲ್ಲಿ ಬೆಳಗಾವಿ ಕಡೆಯ ಹೆಂಗಸೊಬ್ಬರಿದ್ದರು. ಅಣ್ಣನ ಹೆಂಡತಿಯನ್ನು ಕರೆದಂತೆ ನಾನು ಅವರನ್ನು ವೈನಿ ಎನ್ನುತ್ತಿದ್ದೆ.

ಅಲ್ಲಿ ಬದುಕುವುದನ್ನು ವೈನಿಯೇ ನನಗೆ ಕಲಿಸಿದರು. ಪಾಳಿ ಮುಗಿಸಿ ಬಂದವರ ಅಂಗಿಯನ್ನು ಕೂಸಿನ ಬಟ್ಟೆಯ ಜೊತೆ ನೆನೆಸಬಾರದು. ಗಾಳಿಯ ದಿಕ್ಕು ತಿಳಿಯಲೆಂದು ಮಾಳಿಗೆಯ ಕಂಬಕ್ಕೆ ಅವರು ಹಳೆ ಸೀರೆಯ ಚೂರೊಂದನ್ನು ಕಟ್ಟಿದ್ದರು. ಕಾರ್ಖಾನೆಗಳ ಕಡೆಯಿಂದ ಕೊಳೆತ ತತ್ತಿಯ ನಾತ ಬಂದಾಗಲೆಲ್ಲ ನಾನು ಕೂಸನ್ನು ಅವಚಿಕೊಂಡು ಕೂರುತ್ತಿದ್ದೆ. ಅವರು ಮಾತ್ರ, "ನಾರೂದು ಹೇಳಿ ಬರ್ತದ. ಛಲೋ ವಾಸನಿ ಬಂದ್ರ ಅಂಜಬೇಕು ನೋಡು" ಎನ್ನುತ್ತಿದ್ದರು. ಅದು ಚೇಷ್ಟೆ ಎಂದುಕೊಂಡಿದ್ದೆ.

ಒಂದು ಬೇಸಿಗೆಯ ಮಧ್ಯಾಹ್ನ ಹೊರಗೆ ಹೊರಸಿನ ಮೇಲೆ ಶಾವಿಗೆ ಒಣಹಾಕುತ್ತಿದ್ದೆ. ಆಗ ಈಗಷ್ಟೇ ಕೊಯ್ದ ಮೇವಿನ ವಾಸನೆ ತೇಲಿಬಂತು. ತವರುಮನೆಯ ದನದ ಕೊಟ್ಟಿಗೆ ನೆನಪಾಗಿ ಜೀವಕ್ಕೆ ಹಿತವೆನಿಸಿತು. ನಾನು ಮಾಡಿದ ಕೆಲಸ ನೋಡಿರಿ, ಒಳಗೆ ಮಲಗಿದ್ದ ಕೂಸನ್ನು ಎತ್ತಿ ಆ ಗಾಳಿಗೇ ತಂದೆ. "ವೈನಿ, ಯಾರೋ ಮೇವು ಕೊಯ್ದಾರ ನೋಡ್ರಿ" ಎಂದೆ.

ಅವರ ಮುಖದ ಬಣ್ಣವೇ ಹೋಯಿತು. "ಈ ಬ್ಯಾಸಿಗ್ಯಾಗ ಹಸಿ ಮೇವು ಎಲ್ಲಿಂದ ಬರಬೇಕ ಹುಚ್ಚಿ?" ಎಂದವರೇ ಒದ್ದೆ ಬಟ್ಟೆ ತಂದು ಕೂಸಿನ ಮೂಗಿಗೆ ಹಿಡಿದರು. ಮಾಳಿಗೆಯ ಮೇಲಿನ ಸೀರೆಯ ಚೂರು ನೋಡಿ ಗಾಳಿಗೆ ಅಡ್ಡಲಾಗಿದ್ದ ದಿಬ್ಬವನ್ನು ತೋರಿಸಿದರು. "ಅಲ್ಲಿಗೆ ಓಡು. ಹೋಗ್ತ ಕೊನೀ ಖೋಲಿ ಬಾಗಿಲಾ ಬಡಿ, ರಾತ್ರಿಪಾಳಿಯವ್ರು ಮಲಗ್ಯಾರ. ಉಳದ ಮನಿ ನಾ ನೋಡ್ತೀನಿ."

ಕೊನೆಯ ಖೋಲಿಯಲ್ಲಿ ನಾಲ್ವರು ಗಂಡಸರಿದ್ದರು. ಬಾಗಿಲ ಮುಂದೆ ನಿಂತೆ. ಕೈ ಎತ್ತಿದೆ... ಗಂಡಸರು ಮಲಗಿದ ಮನೆ, ಒಬ್ಬಳೇ ಹೆಣ್ಣುಮಗಳು ಹೇಗೆ ಬಡಿಯುವುದು, ಏನೆಂದು ಕೂಗುವುದು? ಗದ್ದಲಕ್ಕೆ ತಾವೇ ಏಳುತ್ತಾರೆ ಎಂದುಕೊಂಡು ಓಡಿಬಿಟ್ಟೆ.

ದಿಬ್ಬದ ಮೇಲೆ ಎಲ್ಲರೂ ಕೂಡಿದ ಮೇಲೆ ವೈನಿ ಬಂದರು. ಸುತ್ತ ನೋಡಿ, "ಅವ್ರು ಎಲ್ಲಿ?" ಎಂದು ಕೇಳಿದರು. ನಾನು ನೆಲ ನೋಡಿದೆ. ಅವರಿಗೆ ತಿಳಿಯಿತು. ಸೆರಗನ್ನು ಮೂಗಿಗೆ ಕಟ್ಟಿಕೊಂಡು ತಿರುಗಿ ಇಳಿದರು. ಎಷ್ಟು ಹೊತ್ತಾಯಿತೋ... ಕೊನೆಗೆ ಆ ನಾಲ್ವರು ಕೆಮ್ಮುತ್ತ ಏರಿ ಬಂದರು. ಅವರ ಹಿಂದೆ ವೈನಿ.

ವಾಸನೆ ಹೋಗಿ ಎಲ್ಲರೂ ಚಾಳಿಗೆ ಮರಳಿದ ಮೇಲೆ, ಸಂಜೆ ಎಲ್ಲರಿಗೂ ಚಹಾ ಮಾಡಿದವರೂ ಅವರೇ. "ಬಾಗಿಲಾ ಬಡದ್ರ ಕೈ ಸವೀತಿತ್ತೇನ ನಿಂದು?" ಎಂದು ನನ್ನ ಕಿವಿಯಲ್ಲಿ ಚೇಷ್ಟೆ ಮಾಡಿದರು. ಪಾಳಿ ಮುಗಿಸಿ ಬಂದ ನಿಮ್ಮ ಅಜ್ಜ, "ವೈನಿ, ನೀವ್ಯಾಕ ತಿರುಗಿ ಹೋದ್ರಿ?" ಎಂದು ಕೇಳಿದಾಗ, "ಆ ಖೋಲಿ ನಾನ ಮರತಿದ್ದೆರಿ" ಎಂದುಬಿಟ್ಟರು. ನಾನು ಚಹಾದ ಬಟ್ಟಲು ತೊಳೆಯಲು ಎದ್ದುಹೋದೆ.

ಬೆಳಗಾಗುವಷ್ಟರಲ್ಲಿ ವೈನಿಗೆ ಉಸಿರು ತೆಗೆಯಲು ಆಗದಂತಾಯಿತು. ಕಾರ್ಖಾನೆಯಿಂದ ಸೋರಿದ್ದು ಮೇವಿನ ವಾಸನೆಯ ವಿಷಗಾಳಿ. ಅದು ಮೊದಲು ಏನೂ ತೋರಿಸುವುದಿಲ್ಲವಂತೆ, ಆಮೇಲೆ ಎದೆ ಹಿಡಿಯುತ್ತದಂತೆ. ದೌಂಡಿನ ದವಾಖಾನೆಗೆ ಒಯ್ದರು. ಮರಳಿ ಬರಲಿಲ್ಲ. ಆ ನಾಲ್ವರು ಉಳಿದರು.

ನಿಮ್ಮ ಅಜ್ಜ ತೀರಿಕೊಳ್ಳುವವರೆಗೂ ವೈನಿಯೇ ಮರೆತರೆಂದು ತಿಳಿದಿದ್ದರು. ಎಷ್ಟೋ ಸಲ ಹೇಳಬೇಕೆಂದು ಬಾಯಿ ತೆರೆದೆ, ಊಟಕ್ಕೆ ಕರೆದು ಸುಮ್ಮನಾದೆ. ನಿಮ್ಮ ಅಪ್ಪನ ಎದುರು ಹೇಳಲು ನನ್ನಿಂದಾಗದು, ಅದಕ್ಕೇ ನಿಮಗಿಬ್ಬರಿಗೆ ಬರೆದೆ. ವೈನಿಗೆ ಮಕ್ಕಳಿರಲಿಲ್ಲ, ಅವರು ಏನನ್ನೂ ಮರೆತಿರಲಿಲ್ಲವೆಂದು ಹೇಳುವವರು ನನ್ನ ನಂತರ ಯಾರೂ ಇಲ್ಲ. ಈ ಹಾಳೆಗಳನ್ನು ಕಳೆಯಬೇಡಿರಿ. ಮೊದಲು ನಿಮ್ಮ ಅಪ್ಪನಿಗೆ ಓದಿ ಹೇಳಿರಿ. ನಾನು ಆಗ ಒಳಗಿನ ಕೋಣೆಯಲ್ಲಿರುತ್ತೇನೆ.