ಯಾವ ಟೀಮೂ ಇಲ್ಲದ ಮನುಷ್ಯ

ಕಳೆದ ತಿಂಗಳು ಒಂದು ಸಂಜೆ ಅಲ್ ಮುರಕ್ಕಬಾತಿನ ನಮ್ಮ ಕಟ್ಟಡದ ಲಿಫ್ಟಿಗೆ ಕಾಲಿಟ್ಟಾಗ ಆ ವಾಸನೆ ಮೂಗಿಗೆ ಬಡಿಯಿತು. ಅರಬರ ಊದಿನ ಧೂಪದ್ದಲ್ಲ, ಅದು ಈ ಗಲ್ಫಿನಲ್ಲಿ ದಿನಾ ಇರುವುದೇ. ಇದು ಗುಲಾಬಿಯನ್ನು ಸಕ್ಕರೆ ಪಾಕದಲ್ಲಿ ಅದ್ದಿದಂತಹ ಸೆಂಟು. ಯಾರೋ ಹಾಕಿಕೊಂಡು ನನಗಿಂತ ಮೊದಲು ಇಳಿದು ಹೋಗಿದ್ದರು. ನಮ್ಮ ಮಹಡಿ ಬಂದು ಬಾಗಿಲು ತೆರೆದರೂ ನಾನು ನಿಂತೇ ಇದ್ದೆ. “ಪಪ್ಪಾ, ವೀ ಆರ್ ಹಿಯರ್,” ಎಂದು ಮಗಳು ತೋಳು ಹಿಡಿದು ಎಳೆದಳು. ಹನ್ನೊಂದು ವರ್ಷದ ಹಿಂದೆ ಇದೇ ವಾಸನೆ ಜೆಬೆಲ್ ಅಲಿಯ ನಮ್ಮ ಗೋದಾಮಿನಲ್ಲಿ ಒಂದು ಬೇಸಗೆಯಿಡೀ ತುಂಬಿಕೊಂಡಿತ್ತು. ಅದರ ಹಿಂದೆಯೇ ನೆನಪಾಗುವವರು ನನ್ನ ಅಂದಿನ ಸೂಪರ್‌ವೈಸರ್.

ಲಾರಿಯಲ್ಲಿ ಬಂದ ಸರಕನ್ನು ಬಾಗಿಲಲ್ಲೇ ನೋಡಿ ಒಳಗೆ ತೆಗೆದುಕೊಳ್ಳುವ ವಿಭಾಗ ನಮ್ಮದು. ನಾನು ಹೊಸ ಗುಮಾಸ್ತ, ಅವರು ಇಪ್ಪತ್ತು ವರ್ಷದ ಹಳಬರು. ಶಿರ್ವ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ನಾನು ಕಾರ್ಕಳ ಕಡೆಯವನು ಎಂದು ತಿಳಿದ ದಿನವೇ ಅರ್ಧ ಬುತ್ತಿ ನನ್ನ ಕಡೆ ತಳ್ಳಿದರು. ಕೆಲಸಕ್ಕೆ ಇಂಗ್ಲಿಷ್, ಬೈಯಲಿಕ್ಕೆ ಹಿಂದಿ, ಪ್ರೀತಿ ಬಂದರೆ ತುಳು, ಉಪದೇಶಕ್ಕೆ ಮಾತ್ರ ಕನ್ನಡ. ನನಗೆ ಸಿಕ್ಕಿದ್ದು ಹೆಚ್ಚಾಗಿ ಕನ್ನಡವೇ. ತೆಳ್ಳಗಿನ ಆಳು, ಕಿವಿಯ ಮೇಲೊಂದು ಪೆನ್ನು, ಹೆಗಲ ಮೇಲೆ ಧೂಳು ಒರೆಸುವ ಹಳದಿ ಬಟ್ಟೆ. ಪ್ರಾಯದಲ್ಲಿ ಇಗರ್ಜಿ ಮೈದಾನದ ವಾಲಿಬಾಲ್ ಪಂದ್ಯಗಳಿಗೆ ಅಂಪೈರ್ ಆಗಿದ್ದರಂತೆ. ತಾನು ಔಟ್ ಅಂದರೆ ಪಾದ್ರಿಗಳು ಕೂಡ ಬಾಯಿ ಮುಚ್ಚುತ್ತಿದ್ದರು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಸಾಕ್ಷಿಗೆ ಆ ಪಾದ್ರಿಗಳಂತೂ ಜೆಬೆಲ್ ಅಲಿಯಲ್ಲಿ ಇರಲಿಲ್ಲ.

ಅಂಥವರಿಗೆ ಅಮೆರಿಕನ್ ಫುಟ್‌ಬಾಲಿನ ಹುಚ್ಚು ಹಿಡಿಸಿದ್ದು ನಮ್ಮ ಮ್ಯಾನೇಜರ್. ಅಮೆರಿಕದವನು. ಅಲ್ಲಿ ಭಾನುವಾರ ನಡೆದ ಆಟದ ತುಣುಕುಗಳನ್ನು, ಆಟದ ಕಾಲ ಮುಗಿದ ಮೇಲೆ ಹಳೆಯವನ್ನೇ, ಸೋಮವಾರ ಊಟದ ಹೊತ್ತಿಗೆ ಟ್ಯಾಬ್ಲೆಟ್ಟಿನಲ್ಲಿ ತಂದು ಪ್ಯಾಂಟ್ರಿಯ ಮೇಜಿನ ಮೇಲೆ ನಿಲ್ಲಿಸುತ್ತಿದ್ದ. ಇಡೀ ಆಟವನ್ನು ನೋಡುವ ತಾಳ್ಮೆ ನಮಗ್ಯಾರಿಗೂ ಇರಲಿಲ್ಲ. ಅವನು ತರುತ್ತಿದ್ದದ್ದು ರೆಫರಿಯ ತೀರ್ಪಿಗೆ ಜಗಳವೆದ್ದ ತುಣುಕುಗಳನ್ನು ಮಾತ್ರ. ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ಓಡುತ್ತಾ ಹಾರಿ ಹಿಡಿಯುತ್ತಾನೆ. ಹಿಡಿದನೋ, ಇಲ್ಲವೋ? ಕ್ರಿಕೆಟ್ ನೋಡಿ ಬೆಳೆದ ನನಗೆ ಇದರಲ್ಲಿ ಇಷ್ಟು ತಲೆ ಕೆಡಿಸಿಕೊಳ್ಳಲು ಏನಿದೆ ಅನಿಸುತ್ತಿತ್ತು.

ಇತ್ತು. ಚೆಂಡು ಕೈಯಲ್ಲಿ ಗಟ್ಟಿಯಾಗಿರಬೇಕು, ಎರಡೂ ಪಾದ ಗೆರೆಯೊಳಗೆ ನೆಲ ಮುಟ್ಟಬೇಕು, ಹಿಡಿಯುತ್ತಾ ಬಿದ್ದರೆ ಮೈ ನೆಲಕ್ಕೆ ಅಪ್ಪಳಿಸಿದ ಮೇಲೂ ಚೆಂಡು ಕೈ ತಪ್ಪಬಾರದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನೇ ಅವರು ನಿಯಮ ಮಾಡಿಕೊಂಡ ಹಾಗಿತ್ತು. ಮ್ಯಾನೇಜರನ ಟೀಮಿನವನು ಬಿದ್ದು, ಚೆಂಡು ಜಾರಿ, ರೆಫರಿ ಇಲ್ಲವೆಂದು ಕೈಯಾಡಿಸಿದರೂ ಮ್ಯಾನೇಜರ್ ಒಪ್ಪುತ್ತಿರಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ. ಆಗ ನಮ್ಮ ಸೂಪರ್‌ವೈಸರ್ ಹೆಗಲ ಮೇಲಿನ ಹಳದಿ ಬಟ್ಟೆಯನ್ನು ಮೇಜಿನ ಮೇಲೆ ಎಸೆಯುತ್ತಿದ್ದರು. ಆ ಆಟದಲ್ಲಿ ತಪ್ಪು ಕಂಡಾಗ ರೆಫರಿ ಹಳದಿ ಬಟ್ಟೆ ಎಸೆಯುತ್ತಾನೆ. ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಇಡೀ ಗೋದಾಮಿನಲ್ಲಿ ಅವನೆದುರು ಬಟ್ಟೆ ಎಸೆಯುವ ಧೈರ್ಯ ಇದ್ದದ್ದು ಇವರೊಬ್ಬರಿಗೇ.

ವಿಡಿಯೊದಲ್ಲಿ ಎಷ್ಟು ಸಲ ನೋಡಿದರೂ ಸ್ಪಷ್ಟವಾಗದಿದ್ದರೆ ಮೈದಾನದಲ್ಲಿ ನಿಂತವನ ತೀರ್ಪೇ ಕೊನೆ ಎಂಬುದು ಆ ಆಟದ ಇನ್ನೊಂದು ನಿಯಮ. ಇದು ಅವರಿಗೆ ಬಹಳ ಹಿಡಿಸಿತ್ತು. ನಿಮ್ಮ ಟೀಮ್ ಯಾವುದು ಸರ್ ಎಂದು ಒಮ್ಮೆ ಕೇಳಿದೆ.

“ನನಗೆ ಟೀಮ್ ಇಲ್ಲ ಮಾರಾಯ. ಟೀಮ್ ಇದ್ದವನಿಗೆ ಕಣ್ಣು ಕಾಣುದಿಲ್ಲ. ನೋಡು ಇವನನ್ನು,” ಎಂದು ಮ್ಯಾನೇಜರನ ಕಡೆ ಕೈ ತೋರಿಸಿದರು. ಕನ್ನಡ ಬಾರದ ಅವನು ತಲೆಯಾಡಿಸಿ ನಕ್ಕ.

ಈ ಕ್ಯಾಚಿನ ಚರ್ಚೆ ಅವರಿಗೆ ಅಷ್ಟು ಪ್ರಿಯವಾಗಲು ಕಾರಣ ಇತ್ತು. ನಮ್ಮ ಕೆಲಸವೂ ಅದೇ ತಾನೆ. ಲಾರಿಯ ಡ್ರೈವರ್ ಸರಕು ಜೋಡಿಸಿದ ಮರದ ಪ್ಯಾಲೆಟ್ಟನ್ನು ಕೈಟ್ರಾಲಿಯ ಮೇಲೆ ಎತ್ತಿ, ಕಬ್ಬಿಣದ ಹಲಗೆ ದಾಟಿಸಿ, ನಮ್ಮ ಗೆರೆಯೊಳಗೆ ತಂದು ಇಳಿಸಬೇಕು. ಇಳಿಸಿ, ಅಡಿಯಿಂದ ಟ್ರಾಲಿಯನ್ನು ಎಳೆದುಕೊಂಡ ಕ್ಷಣದಿಂದ ಅದು ನಮ್ಮದು. ಅದಕ್ಕೆ ಮೊದಲು ಬಿದ್ದರೆ ನಷ್ಟ ಡ್ರೈವರನ ತಲೆಗೆ, ಆಮೇಲೆ ಬಿದ್ದರೆ ನಮ್ಮ ತಲೆಗೆ. “ಟ್ರಾಲಿ ಹೊರಗೆ ಬರುವವರೆಗೆ ಕ್ಯಾಚ್ ಇಲ್ಲ,” ಎಂದು ಮೊದಲ ದಿನವೇ ಕಲಿಸಿದ್ದರು. ಇನ್ನೊಂದು ಮಾತನ್ನೂ ಹತ್ತು ಸಲ ಹೇಳಿದ್ದರು. ಪೆಟ್ಟಿಗೆಗಳ ಸುತ್ತ ಬಿಗಿದ ಪ್ಲಾಸ್ಟಿಕ್ಕನ್ನು ಸರಕು ಇಳಿಸುವ ಡಾಕಿನಲ್ಲಿ ಕತ್ತರಿಸಬಾರದು, ಒಳಗೆ ಕೊಂಡುಹೋಗಿ ಪರೀಕ್ಷೆಯ ಜಾಗದಲ್ಲಿಟ್ಟ ಮೇಲೆಯೇ ಕತ್ತರಿಸಬೇಕು. ನಾವು ಗುಮಾಸ್ತರು ಇದನ್ನು ಪಾಲಿಸುತ್ತಿರಲಿಲ್ಲ. ಒಳಗಿನ ಚೀಟಿ ಬೇಗ ಓದಿದರೆ ಮುಂದಿನ ಲಾರಿ ಬೇಗ ಬರುತ್ತದೆ ಎಂಬ ಆಸೆಗೆ ಎಲ್ಲರೂ ಡಾಕಿನಲ್ಲೇ ಕತ್ತರಿ ಹಾಕುತ್ತಿದ್ದೆವು. ಅವರು ಕಂಡರೆ ಬೈಗುಳ, ಕಾಣದಿದ್ದರೆ ಯಲ್ಲಾ, ನಡಿ ಮುಂದಕ್ಕೆ.

ಅದು ಜುಲೈ ತಿಂಗಳು. ಹೊರಗೆ ಬಿಸಿಲಿನಲ್ಲಿ ಏಳೆಂಟು ಲಾರಿಗಳು ಕಾಯುತ್ತಿದ್ದವು. ನನ್ನ ಪ್ರೊಬೇಷನ್ ಮುಗಿಯಲು ಇನ್ನು ಮೂರು ವಾರ. ಹೆಂಡತಿಯ ವೀಸಾಕ್ಕೆ ಅರ್ಜಿ ಹಾಕಿದ್ದೆ. ಅವಳು ಊರಿನಲ್ಲಿ ಬಟ್ಟೆ ಬರೆ ಕಟ್ಟಿಕೊಂಡು ಕೂತಿದ್ದಳು. ಪ್ರೊಬೇಷನ್ನಿನಲ್ಲಿ ಇದ್ದವನಿಗೆ ಎಚ್ಚರಿಕೆಯ ಪತ್ರ ಎಂಬುದಿಲ್ಲ, ತಪ್ಪು ಮಾಡಿದರೆ ಖಲಾಸ್, ಊರಿನ ವಿಮಾನ.

ಆ ಡ್ರೈವರ್ ನಮ್ಮ ಡಾಕಿಗೆ ತಿಂಗಳಿಗೆ ಮೂರ್ನಾಲ್ಕು ಸಲ ಬರುವವನು. ಪೇಶಾವರದ ಕಡೆಯವನಿರಬೇಕು. ದಪ್ಪ ಮೀಸೆ, ಬೂದು ಬಣ್ಣದ ಕಮೀಜು... ಮುಖ ಈಗ ಸರಿಯಾಗಿ ನೆನಪಿಗೆ ಬರುವುದಿಲ್ಲ. ಸೆಂಟಿನ ಬಾಟಲಿಗಳ ಪ್ಯಾಲೆಟ್ಟನ್ನು ತಂದು, ನಾನು ಕೈ ತೋರಿಸಿದ ಕಂಬದ ಪಕ್ಕ ಇಳಿಸಿದ. ಟ್ರಾಲಿಯನ್ನು ಹೊರಗೆಳೆದುಕೊಂಡು ಬೆನ್ನು ಹಾಕಿ ಲಾರಿಯ ಕಡೆ ಎರಡು ಹೆಜ್ಜೆ ನಡೆದ. ನಾನು ಜೇಬಿನಿಂದ ಬ್ಲೇಡು ತೆಗೆದು ಪ್ಲಾಸ್ಟಿಕ್ಕನ್ನು ಮೇಲಿನಿಂದ ಕೆಳಕ್ಕೆ ಸೀಳಿದೆ. ಮೇಲಿನ ಸಾಲು ವಾಲಿತು. ಹಿಡಿಯಲು ಕೈ ಚಾಚಿದೆ... ಆಮೇಲೆ ಗಾಜಿನ ಸದ್ದು, ಆ ಸಿಹಿ ವಾಸನೆ, ನನ್ನ ಬೂಟಿನ ಸುತ್ತ ಹರಿಯುತ್ತಿದ್ದ ಹಳದಿ ನೀರು. ತಲೆಯೆತ್ತಿದಾಗ ಪಕ್ಕದ ಬಾಗಿಲಲ್ಲಿ ನಮ್ಮ ಸೂಪರ್‌ವೈಸರ್ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಬ್ಲೇಡನ್ನು ಜೇಬಿಗೆ ಹಾಕಿಕೊಂಡೆ. ಅದನ್ನೂ ಅವರು ನೋಡಿದರು.

ಮ್ಯಾನೇಜರನ ಕೋಣೆಯಲ್ಲಿ ನಾವು ನಾಲ್ವರು ಸೇರಿದೆವು. ಕ್ಯಾಮೆರಾದ ಚಿತ್ರವನ್ನು ಅವನು ಮುಂದೆ ಹಿಂದೆ ಓಡಿಸಿದ, ನಿಧಾನ ಮಾಡಿದ. ಕಂಬ ಅಡ್ಡ ಬಂದಿತ್ತು. ನನ್ನ ಮೈಯ ಅರ್ಧ, ಡ್ರೈವರನ ಒಂದು ಭುಜ, ಬೀಳುವ ಪೆಟ್ಟಿಗೆಗಳು ಮಾತ್ರ ಕಾಣುತ್ತಿದ್ದವು. ಟ್ರಾಲಿ ಅಡಿಯಲ್ಲಿತ್ತೋ, ಹೊರಗೆ ಬಂದಿತ್ತೋ ಹೇಳುವಂತಿರಲಿಲ್ಲ. ಪ್ಲಾಸ್ಟಿಕ್ಕನ್ನು ಕತ್ತರಿಸಿದ್ದೆಯಾ ಎಂದು ನನ್ನನ್ನು ಕೇಳಿದ. ಇಲ್ಲ ಅಂದೆ. ಇಷ್ಟು ಸರಾಗವಾಗಿ ಸುಳ್ಳು ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

“ಮೈನೇ ರಖ್ ದಿಯಾ ಥಾ, ಸಾಬ್,” ಎಂದ ಡ್ರೈವರ್. ಇಳಿಸಿದ್ದೆ, ಟ್ರಾಲಿಯನ್ನೂ ಎಳೆದುಕೊಂಡಿದ್ದೆ ಎಂದು ಮತ್ತೆ ಮತ್ತೆ ಅದನ್ನೇ ಹೇಳಿದ. ಬೆನ್ನು ಹಾಕಿದ್ದವನಿಗೆ ನನ್ನ ಬ್ಲೇಡು ಕಂಡಿರಲಿಲ್ಲ. ಅವನ ಹತ್ತಿರ ಇದ್ದದ್ದು ಆ ಒಂದು ಮಾತು ಮಾತ್ರ, ಮತ್ತು ಅದು ನಿಜವಾಗಿತ್ತು.

ಮ್ಯಾನೇಜರ್ ಕುರ್ಚಿಯನ್ನು ಸೂಪರ್‌ವೈಸರ್ ಕಡೆ ತಿರುಗಿಸಿದ. ತಮಾಷೆಗೆ ಹೇಳಲಿಲ್ಲ ಅವನು, ಅವರಿಬ್ಬರ ನಡುವೆ ಮಾತು ಹಾಗೆಯೇ ರೂಢಿಯಾಗಿತ್ತು. “ಯು ವರ್ ದೇರ್. ಕ್ಯಾಚ್ ಆರ್ ನೋ ಕ್ಯಾಚ್?”

ಅವರು ನನ್ನ ಮುಖ ನೋಡಲಿಲ್ಲ. ಹೆಗಲ ಬಟ್ಟೆಯನ್ನು ತೆಗೆದು ಎರಡು ಸಲ ಮಡಚಿದರು, ಮತ್ತೆ ಬಿಡಿಸಿದರು. ನನ್ನ ಹೆಂಡತಿಯ ವೀಸಾ ಅರ್ಜಿಯನ್ನು ತುಂಬಿಸಿಕೊಟ್ಟಿದ್ದು ಅವರೇ. ಆ ದಿನ ಅವರಿಗೂ ಒಂದು ಟೀಮ್ ಬಂತು, ಆ ಟೀಮಿನಲ್ಲಿ ಇದ್ದವನು ನಾನು.

“ನೋ ಕ್ಯಾಚ್,” ಅಂದರು.

ಮ್ಯಾನೇಜರ್ ತಪ್ಪು ಡ್ರೈವರನದ್ದು ಎಂದು ಬರೆದುಕೊಂಡ. ಅವರ ಕಣ್ಣಿನ ಮೇಲೆ ಅವನಿಗೆ ಅಷ್ಟು ನಂಬಿಕೆ. ಡ್ರೈವರ್ ಒಂದು ಕ್ಷಣ ನಿಂತು ಅವರನ್ನು ನೋಡಿದ. ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗೆ ಕಾಲು ತೂರಿಸಿ ಹೊರಟುಹೋದ. ನನಗೆ ನಾಚಿಕೆಯಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಆಗ ಆದದ್ದು ಬದುಕಿದೆ ಎಂಬ ಸಂತೋಷ.

ಅದೇ ಸಾಗಣೆ ಕಂಪನಿಯ ಬೇರೆ ಡ್ರೈವರ್ ಎರಡು ವಾರದ ನಂತರ ಬಂದ. ಹಳಬ ಎಲ್ಲಿ ಎಂದು ಸೂಪರ್‌ವೈಸರೇ ಕೇಳಿದರು. “ಖಲಾಸ್. ಮುಲ್ಕ್ ಚಲಾ ಗಯಾ,” ಎಂದು ಅವನು ಕೈ ಕೊಡವಿದ. ಕೆಲಸ ಕಳೆದುಕೊಂಡು ದೇಶಕ್ಕೆ ಹೋಗಿದ್ದ. ಸೂಪರ್‌ವೈಸರ್ ಕಾಗದಕ್ಕೆ ಸಹಿ ಹಾಕಿ ವಾಪಸು ಕೊಟ್ಟರು. ಆ ಸಂಜೆ ಕಂಪನಿಯ ಬಸ್ಸಿನಲ್ಲಿ ನನ್ನ ಪಕ್ಕ ಕೂತು, “ಪ್ಲಾಸ್ಟಿಕ್ ಯಾಕೆ ಕತ್ತರಿಸಿದ್ದು ನೀನು?” ಎಂದು ಕೇಳಿದರು.

“ಬೇಗ ಆಗ್ಲಿ ಅಂತ, ಸರ್.”

“ಹ್ಞೂಂ,” ಎಂದು ಕಿಟಕಿಯ ಕಡೆ ತಿರುಗಿದರು. ಈ ವಿಷಯ ನಾವು ಮಾತಾಡಿದ್ದು ಅಷ್ಟೇ.

ಸೋಮವಾರಗಳು ಬಂದವು. ಮ್ಯಾನೇಜರ್ ಟ್ಯಾಬ್ಲೆಟ್ ಹಿಡಿದುಕೊಂಡು ಕರೆಯುತ್ತಿದ್ದ. ಇವರು ಕಣ್ಣು ಸರಿ ಕಾಣುವುದಿಲ್ಲ ಎಂದು ಹೇಳಿ ಬುತ್ತಿಯನ್ನು ಡಾಕಿಗೆ ಕೊಂಡುಹೋಗಿ ಅಲ್ಲೇ ಉಣ್ಣುತ್ತಿದ್ದರು. ಅವನು ಒಂದು ಕನ್ನಡಕ ಮಾಡಿಸಿಕೊಡುತ್ತೇನೆ ಅಂದ, ಪಾಪ. ಇವರಿಲ್ಲದೆ ಆ ಚರ್ಚೆಗೆ ರುಚಿಯಿರಲಿಲ್ಲ. ತಿಂಗಳೆರಡು ತಿಂಗಳಲ್ಲಿ ಅದು ನಿಂತೇಹೋಯಿತು. ಮುಂದೆ ಅವನಿಗೂ ಬೇರೆ ದೇಶಕ್ಕೆ ವರ್ಗವಾಯಿತು. ನನ್ನ ಕೆಲಸ ಖಾಯಂ ಆಯಿತು, ಹೆಂಡತಿ ಬಂದಳು, ಮಗಳು ಹುಟ್ಟಿದಳು. ಮಗಳ ನಾಮಕರಣಕ್ಕೆ ಊದ್ ಮೇಥಾ ಬಡಾವಣೆಯ ಸಭಾಂಗಣಕ್ಕೆ ಅವರೂ ಬಂದಿದ್ದರು. ಮಗುವನ್ನು ಎತ್ತಿಕೊಳ್ಳಿ ಅಂದರೆ, ಬೇಡ, ಕೈ ತಪ್ಪೀತು ಅಂದರು.

ಮೂರ್ನಾಲ್ಕು ವರ್ಷದ ನಂತರ ಅಮೆರಿಕದಲ್ಲಿ ಆ ನಿಯಮವನ್ನೇ ಬದಲಾಯಿಸಿದರು. ಹಿಡಿದು ನೆಲಕ್ಕೆ ಬೀಳುವವನ ಮೇಲಿದ್ದ ಆ ಕಟ್ಟುನಿಟ್ಟನ್ನು ಸಡಿಲಿಸಿದರು. ಹಳೆಯ ಜಗಳದ ಕ್ಯಾಚುಗಳು ಈಗಾಗಿದ್ದರೆ ಕ್ಯಾಚೇ ಆಗುತ್ತಿದ್ದವಂತೆ. ಅವರಿಗೆ ಖುಷಿಯಾದೀತು, ಹಳೆಯ ಸೋಮವಾರ ವಾಪಸು ಬಂದೀತು ಎಂಬ ಆಸೆಯಿಂದ ಫೋನಿನಲ್ಲಿ ಆ ಸುದ್ದಿ ತೋರಿಸಿದೆ. ಪೂರ್ತಿ ಓದಿದರು.

“ಈಗ ಬದಲು ಮಾಡಿದ್ರೆ ಆಗ ಸೋತವನಿಗೆ ಎಂತ ಕೊಡ್ತಾರೆ?” ಅಂದರು. ಆ ವರ್ಷವೇ ನಿವೃತ್ತರಾಗಿ ಮಂಗಳೂರಿಗೆ ಹೋದರು. ಹೋದ ವರ್ಷ ತೀರಿಕೊಂಡರು ಎಂದು ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಬಂತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು, ನಾನೂ ಹಾಕಿದೆ. ಅವರ ಮನೆಗೆ ಫೋನು ಮಾಡುವ ಧೈರ್ಯ ಮಾತ್ರ ಬರಲಿಲ್ಲ.

ಲಿಫ್ಟಿನ ಆ ಸಂಜೆಯ ಮರುದಿನ ಮಾಡಿದೆ. ಅವರ ಹೆಂಡತಿ ಎತ್ತಿದರು. ಹೆಸರು ಹೇಳಿದ ಕೂಡಲೇ ಗುರುತು ಹಿಡಿದರು.

“ನೀವು ಫೋನು ಮಾಡಿದ್ದು ಒಳ್ಳೇದೇ ಆಯ್ತು ನೋಡಿ. ನಿಮ್ಮ ಹತ್ರ ಒಂದು ಕೇಳ್ಲಿಕ್ಕೆ ಹೇಳಿದ್ರು ಅವರು, ನಾನೇ ಮರ್ತೆ. ಅಲ್ಲಿ ಒಬ್ಬ ಲಾರಿ ಡ್ರೈವರ್ ಇದ್ನಂತಲ್ಲ, ಸೆಂಟಿನ ಬಾಟ್ಲಿ ಒಡೆದದ್ದು? ಕಡೆಕಡೆಗೆ ಸಂಜೆ ಪ್ರಾರ್ಥನೆಯಲ್ಲಿ ಅವನ ಹೆಸರು ಹೇಳ್ಬೇಕು ಅಂತ ಬಹಳ ಹಟ. ಹೆಸರೇ ಗೊತ್ತಿಲ್ಲ ಅವರಿಗೆ. ನಿಮಗೆ ಗೊತ್ತುಂಟು ಅಂತ ಹೇಳ್ತಿದ್ರು. ಎಂತ ಹೆಸರು ಅವನದ್ದು?”

ಅವನು ನನ್ನ ಡಾಕಿಗೆ ಎಷ್ಟೋ ಸಲ ಬಂದಿದ್ದ. ಅವನು ತಂದ ಕಾಗದಗಳಿಗೆ ನಾನು ಸಹಿ ಹಾಕಿದ್ದೆ. ಅದರಲ್ಲಿ ಅವನ ಹೆಸರು ಇದ್ದೇ ಇರುತ್ತಿತ್ತು, ನಾನು ಓದಿರಲಿಲ್ಲ. ಭಾಯ್ ಎಂದು ಕರೆದರೆ ಕೆಲಸ ನಡೆಯುತ್ತಿತ್ತು. ಹುಡುಕಿ ಹೇಳ್ತೇನೆ ಆಂಟಿ ಅಂದೆ.

ಹುಡುಕಿದೆ. ಈಗ ಆ ವಿಭಾಗಕ್ಕೆ ನಾನೇ ಸೂಪರ್‌ವೈಸರ್, ಹಳೆಯ ಕಡತ ಕೇಳಿದರೆ ಯಾಕೆ ಎನ್ನುವವರಿಲ್ಲ. ಆದರೆ ಅಷ್ಟು ಹಿಂದಿನ ಕಾಗದಗಳನ್ನು ಎಂದೋ ಚೂರು ಮಾಡಿ ಕಳಿಸಿಯಾಗಿತ್ತು. ಆ ಸಾಗಣೆ ಕಂಪನಿ ಮುಚ್ಚಿಹೋಗಿದೆ. ಅಲ್ಲಿ ಕೆಲಸ ಮಾಡಿದ್ದ ಒಬ್ಬನು ಸಿಕ್ಕಿದ, ಅವನಿಗೆ ಹತ್ತು ಹಲವು ಡ್ರೈವರುಗಳು ನೆನಪಿದ್ದರು, ಇವನು ಇರಲಿಲ್ಲ. ನಿನ್ನೆ ಮತ್ತೆ ಫೋನು ಮಾಡಿ, ಸಿಗಲಿಲ್ಲ ಆಂಟಿ ಎಂದು ಹೇಳಿದೆ.

“ಇರ್ಲಿ ಬಿಡಿ,” ಅಂದರು. “ಹೆಸರು ಇಲ್ಲದಿದ್ರೂ ದೇವರಿಗೆ ಗೊತ್ತಾಗ್ತದೆ. ನಿಮ್ಮ ಹೆಸರು ಮಾತ್ರ ದಿನಾ ಹೇಳ್ತೇನೆ. ಪಾಪದ ಹುಡುಗ, ತಪ್ಪಿಲ್ಲದೆ ಸಿಕ್ಕಿಬೀಳ್ತಿದ್ದ, ನಾನು ಉಳಿಸಿದೆ ಅಂತ ಅವರು ಯಾವಾಗ್ಲೂ ಹೇಳುದು.”

ತಮ್ಮ ಹೆಂಡತಿಗೂ ಅವರು ಹಾಗೆಯೇ ಹೇಳಿದ್ದರು. ಸಾಯುವವರೆಗೆ ನನ್ನ ಪರವಾಗಿ ಅದೇ ತೀರ್ಪಿಗೆ ನಿಂತಿದ್ದರು. ಕತ್ತರಿಸಿದ್ದು ನಾನು ಎಂದು ಹೇಳಲು ಬಾಯಿ ತೆರೆದೆ. ಥ್ಯಾಂಕ್ಸ್ ಆಂಟಿ ಎಂದು ಹೇಳಿ ಫೋನು ಇಟ್ಟೆ.